ಹನ್ನೊಂದು ತಿಂಗಳ ಮಗನಿಗೆ ಎಂಟು ತಿಂಗಳ ಲೆಕ್ಕ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗ 28 ವಾರಕ್ಕೇ ಹುಟ್ಟಿದ. ಹುಟ್ಟಿದಾಗ ತೂಕ 1,050 ಗ್ರಾಂ. 54 ದಿನ ಆಸ್ಪತ್ರೆಯಲ್ಲಿದ್ದ. ಮೊದಲು ಪೆಟ್ಟಿಗೆಯಲ್ಲಿಟ್ಟಿದ್ದರು, ಆಮೇಲೆ ನನ್ನ ಎದೆಗೆ ಕಟ್ಟಿ ಕೂರಿಸುತ್ತಿದ್ದರು. ಈಗ ಅವನಿಗೆ 11 ತಿಂಗಳು. ನಗುತ್ತಾನೆ, ಬೋರಲು ಬೀಳುತ್ತಾನೆ. ಕೂರಿಸಿದರೆ ಎರಡೂ ಕೈ ಮುಂದೆ ಊರಿಕೊಂಡು ಸ್ವಲ್ಪ ಹೊತ್ತು ಕೂರುತ್ತಾನೆ, ಆಮೇಲೆ ವಾಲುತ್ತಾನೆ. ನಿಲ್ಲಿಸಿದರೆ ಕಾಲ್ಬೆರಳ ತುದಿಯಲ್ಲಿ ನಿಲ್ಲುತ್ತಾನೆ. ನನ್ನ ಅಕ್ಕನ ಮಗು ಇವನಿಗಿಂತ ಒಂದು ವಾರ ಚಿಕ್ಕದು, ಆಗಲೇ ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದೆ. ಅತ್ತೆ ‘ಗಂಡು ಮಕ್ಕಳು ನಿಧಾನ, ಎಲ್ಲಾ ಸರಿ ಹೋಗುತ್ತೆ’ ಅನ್ನುತ್ತಾರೆ. ಮಾತು ಬೇಗ ಬರಲಿ ಅಂತ ಬಜೆ ತೇಯ್ದು ಕೊಡುತ್ತಾರೆ. ಮನೆಯವರು ವಾಕರ್ ತಂದಿದ್ದಾರೆ. ಕಣ್ಣಿನ ಪರೀಕ್ಷೆ ಆಗಿದೆ. ಕಿವಿ ಪರೀಕ್ಷೆ ಆಮೇಲೆ ಮಾಡಿಸಿ ಅಂದಿದ್ದರು, ಮರೆತೇ ಹೋಯಿತು. ಬಸುರಿಯಾಗಿದ್ದಾಗ ನಾನು ಪರಂಗಿ ಹಣ್ಣು ತಿಂದಿದ್ದೆ, ಸ್ಕೂಟರ್‌ನಲ್ಲಿ ಓಡಾಡಿದ್ದೆ. ನನ್ನಿಂದಲೇ ಹೀಗಾಯ್ತಾ? ಅವನು ಎಲ್ಲರ ಹಾಗೆ ಆಗುತ್ತಾನಾ?
— ಒಬ್ಬ ತಾಯಿ, ಚಿತ್ರದುರ್ಗ ಜಿಲ್ಲೆ

ಉತ್ತರ:

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣಮ್ಮ. ನಿಮ್ಮ ಅರ್ಧ ಸಂಕಟ ಅಲ್ಲೇ ಇದೆ.

ದಿನ ತುಂಬಿ ಹುಟ್ಟುವುದು ಅಂದರೆ 40 ವಾರ. ನಿಮ್ಮ ಮಗ 28ಕ್ಕೇ ಬಂದ. ಹನ್ನೆರಡು ವಾರ, ಅಂದರೆ ಹತ್ತಿರ ಹತ್ತಿರ ಮೂರು ತಿಂಗಳು ಮುಂಚೆ. ಆ ಮೂರು ತಿಂಗಳು ಅವನು ನಿಮ್ಮ ಹೊಟ್ಟೆಯಲ್ಲೇ ಇರಬೇಕಿತ್ತು. ಅದನ್ನು ಕಳೆದರೆ ಅವನಿಗೆ ಈಗ ಎಂಟು ತಿಂಗಳು ಚಿಲ್ಲರೆ. ಇದನ್ನು ನಾವು ಕರೆಕ್ಟೆಡ್ ಏಜ್, ಸರಿಪಡಿಸಿದ ವಯಸ್ಸು ಅನ್ನುತ್ತೇವೆ. ಅವನ ತೂಕ, ಎತ್ತರ, ತಲೆಯ ಸುತ್ತಳತೆ, ಕೂರುವುದು, ನಡೆಯುವುದು, ಮಾತು ಎಲ್ಲವನ್ನೂ ಎರಡು ವರ್ಷ ತುಂಬುವ ತನಕ ಈ ವಯಸ್ಸಿನಲ್ಲೇ ಅಳೆಯಬೇಕು. ಲಸಿಕೆ ಮಾತ್ರ ಹುಟ್ಟಿದ ದಿನದ ಲೆಕ್ಕದಲ್ಲೇ, ಪೂರ್ತಿ ಡೋಸ್. ಅದನ್ನು ಮುಂದೆ ಹಾಕಬೇಡಿ.

ನಿಮ್ಮ ಅಕ್ಕನ ಮಗು ಇವನಿಗಿಂತ ಒಂದು ವಾರ ಚಿಕ್ಕದು ಅಂದಿರಿ. ಲೆಕ್ಕ ಸರಿ ಮಾಡಿದರೆ ಅದು ಸುಮಾರು ಮೂರು ತಿಂಗಳು ದೊಡ್ಡದು. ಇಬ್ಬರನ್ನೂ ಒಂದೇ ಚಾಪೆ ಮೇಲೆ ಬಿಟ್ಟು ಹೋಲಿಸುವುದನ್ನು ಇವತ್ತೇ ನಿಲ್ಲಿಸಿ. ಮನೆಯ ಕ್ಯಾಲೆಂಡರಿನಲ್ಲಿ ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ತಾರೀಖಿನ ಮೇಲೆ ಒಂದು ಗೆರೆ ಎಳೆಯಿರಿ. ಯಾರಾದರೂ ‘ಎಷ್ಟು ತಿಂಗಳು’ ಅಂತ ಕೇಳಿದರೆ ಆ ಗೆರೆಯಿಂದ ಎಣಿಸಿ ಹೇಳಿ.

ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯ ಮಕ್ಕಳೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಅಳತೆ ಕೊಟ್ಟಿತು. ಆಸರೆ ಇಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳೊಳಗೆ, ತಾನಾಗಿ ನಡೆಯುವುದು 8.2 ತಿಂಗಳಿಂದ 17.6 ತಿಂಗಳೊಳಗೆ. ಎಷ್ಟು ಅಗಲವಾದ ಕಿಟಕಿ ನೋಡಿ! ಎಂಟು ತಿಂಗಳಲ್ಲಿ ಕೈ ಊರಿ ಕೂರುವ ಮಗು ಇನ್ನೂ ಆ ಕಿಟಕಿಯ ಒಳಗೇ ಇದೆ. ಹಾಗಾಗಿ ಕೂರುವ ವಿಷಯದಲ್ಲಿ ನನಗೆ ಈಗಲೇ ಆತಂಕ ಇಲ್ಲ. ಮುಂದಿನ ಒಂದು ತಿಂಗಳು ಗಮನ ಇಡೋಣ.

ಆದರೆ ಈ ಲೆಕ್ಕವನ್ನು ಹೇಳಿಕೊಟ್ಟಾಗಲೆಲ್ಲ ನನಗೆ ಒಂದು ಭಯವಾಗುತ್ತದೆ. ಜನ ಅದನ್ನು ತಲೆದಿಂಬು ಮಾಡಿಕೊಳ್ಳುತ್ತಾರೆ. ‘ಬೇಗ ಹುಟ್ಟಿದ್ದು, ಅದಕ್ಕೇ ನಿಧಾನ’ ಅಂದುಕೊಂಡು ಒಂದೂವರೆ ವರ್ಷ ಸುಮ್ನೆ ಕೂರುತ್ತಾರೆ. ಮಗು ಯಾವ ತಿಂಗಳಲ್ಲಿ ಏನು ಮಾಡಿತು ಅನ್ನುವುದಕ್ಕೆ ಈ ಲೆಕ್ಕ ಸರಿ. ಅದನ್ನು ಹೇಗೆ ಮಾಡಿತು ಅನ್ನುವುದಕ್ಕೆ ಈ ಲೆಕ್ಕ ಉತ್ತರ ಕೊಡುವುದಿಲ್ಲ. ಬಿಗಿಯಾದ ಕಾಲು ಎಂಟು ತಿಂಗಳಿಗೂ ಬಿಗಿಯೇ, ಹನ್ನೊಂದು ತಿಂಗಳಿಗೂ ಬಿಗಿಯೇ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಕಾಲ್ಬೆರಳ ತುದಿಯ ಮೇಲೆ.

ಯಾಕೆ ಅಂತ ಹೇಳುತ್ತೇನೆ. 28 ವಾರದಲ್ಲಿ ಮಗುವಿನ ಮೆದುಳು ಹೆಚ್ಚುಕಡಿಮೆ ನುಣುಪಾಗಿರುತ್ತದೆ. ಅಕ್ರೋಟಿನ ತಿರುಳಿನಲ್ಲಿರುವಂಥ ಮಡಿಕೆಗಳು ಬಹುಪಾಲು ಮೂಡುವುದು ಕೊನೆಯ ಮೂರು ತಿಂಗಳಲ್ಲೇ. 34 ವಾರಕ್ಕೆ ಬಂದರೂ ಮೆದುಳಿನ ತೂಕ ದಿನ ತುಂಬಿದ ಮಗುವಿನದರ ಸುಮಾರು 65 ಶೇಕಡಾ ಅಷ್ಟೇ. ಹೊಟ್ಟೆಯೊಳಗೆ ಕತ್ತಲಲ್ಲಿ, ಬೆಚ್ಚಗೆ, ಅಮ್ಮನ ಎದೆಬಡಿತ ಕೇಳುತ್ತಾ ಆಗಬೇಕಿದ್ದ ಆ ಕೆಲಸ ನಿಮ್ಮ ಮಗನಿಗೆ ಟ್ಯೂಬ್‌ಲೈಟ್ ಬೆಳಕಲ್ಲಿ, ಮಾನಿಟರಿನ ಬೀಪ್ ಸದ್ದಿನಲ್ಲಿ, ಸೂಜಿಗಳ ನಡುವೆ ಆಗಿದೆ. ಆ ವಯಸ್ಸಿನಲ್ಲಿ ಮೆದುಳಿನ ನಡುವಿನ ನೀರಿನ ಕೋಣೆಗಳ ಪಕ್ಕದ ರಕ್ತನಾಳಗಳು ತುಂಬಾ ತೆಳು. ಉಸಿರು, ರಕ್ತದೊತ್ತಡ ಏರುಪೇರಾದರೆ ಅಲ್ಲಿ ರಕ್ತ ಜಿನುಗಬಹುದು, ಸುತ್ತಲಿನ ನರದ ಎಳೆಗಳಿಗೆ ಪೆಟ್ಟಾಗಬಹುದು. ಕಾಲಿಗೆ ಹೋಗುವ ಎಳೆಗಳು ಆ ಕೋಣೆಗಳಿಗೆ ತೀರಾ ಹತ್ತಿರದಲ್ಲೇ ಹಾದುಹೋಗುತ್ತವೆ. ಅದಕ್ಕೇ ಇಷ್ಟು ಬೇಗ ಹುಟ್ಟಿದ ಮಕ್ಕಳಲ್ಲಿ ತೊಂದರೆ ಇದ್ದರೆ ಅದು ಜಾಸ್ತಿ ಕಾಣಿಸುವುದು ಕಾಲಿನಲ್ಲಿ.

ಇಷ್ಟು ಓದಿ ಹೆದರಬೇಡಿ. ಬೇಗ ಹುಟ್ಟಿದ ಎಷ್ಟೋ ಮಕ್ಕಳ ಕಾಲು, ಬೆನ್ನು ಮೊದಲ ವರ್ಷ ಸ್ವಲ್ಪ ಬಿಗಿ ಇರುತ್ತದೆ. ವರ್ಷ, ಒಂದೂವರೆ ವರ್ಷದ ಹೊತ್ತಿಗೆ ತಾನಾಗಿ ಸಡಿಲವಾಗುತ್ತದೆ. ಎಂಟು ತಿಂಗಳ ಮಗು ಒಮ್ಮೊಮ್ಮೆ ಬೆರಳ ತುದಿಯಲ್ಲಿ ನಿಲ್ಲುವುದೂ ಹೊಸದಲ್ಲ. ಇದು ಹೋಗುವ ಬಿಗಿಯೋ, ಉಳಿಯುವ ಬಿಗಿಯೋ ಅನ್ನುವುದು ಪತ್ರದಲ್ಲಿ ಗೊತ್ತಾಗುವುದಿಲ್ಲ. ಕಾಲು ಮುಟ್ಟಿ, ಮಡಿಸಿ, ಬಿಡಿಸಿ ನೋಡಬೇಕು. ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರಿಗೆ ಇದು ಹತ್ತು-ಹದಿನೈದು ನಿಮಿಷದ ಕೆಲಸ. ಹದಿನೈದು ದಿನದೊಳಗೆ ತೋರಿಸಿ. ಅಷ್ಟರಲ್ಲಿ ನೀವೇ ಕೆಲವು ಗಮನಿಸಿ: ಬಟ್ಟೆ ಬದಲಿಸುವಾಗ ತೊಡೆ ಅಗಲಿಸಲು ಕಷ್ಟವಾಗುತ್ತದಾ? ಎತ್ತಿಕೊಂಡಾಗ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತದಾ? ಮಲಗಿದ್ದಾಗ ಎರಡೂ ಕಾಲು ಬೇರೆ ಬೇರೆಯಾಗಿ ಒದೆಯುತ್ತಾನಾ, ಇಲ್ಲ ಜೊತೆಯಾಗೇ ನೆಟ್ಟಗೆ ಮಾಡುತ್ತಾನಾ? ಮುಷ್ಟಿ ಸದಾ ಬಿಗಿದಿರುತ್ತದಾ? ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಗೆ ಬಂದ ಮಗು ಅಳುತ್ತದೆ, ಅತ್ತರೆ ಎಲ್ಲ ಮಕ್ಕಳೂ ಬಿಗಿಯೇ. ಮನೆಯ ವಿಡಿಯೋ ನಮಗೆ ತುಂಬಾ ಉಪಯೋಗ.

ಒಂದು ಮಗುವಿನ ವಿಷಯ ಹೇಳಲೇಬೇಕು. ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ನೆಗಡಿಗೆ ತೋರಿಸಲು ಬಂದವರು. 30 ವಾರಕ್ಕೆ ಹುಟ್ಟಿದ ಮಗು, ಆಗ ಸರಿಪಡಿಸಿದ ವಯಸ್ಸು ಹತ್ತು ತಿಂಗಳು. ನಾನು ಮೇಜಿನ ಮೇಲೆ ಒಂದು ಕೆಂಪು ಬಳೆ ಇಟ್ಟೆ. ಮಗು ಬಲಗೈ ಚಾಚಿ ಹಿಡಿಯಿತು. ಬಳೆಯನ್ನು ಅದರ ಎಡಗಡೆಗೆ ಸರಿಸಿದೆ. ಇಡೀ ಮೈ ತಿರುಗಿಸಿ ಬಲಗೈಯನ್ನೇ ಅಡ್ಡ ತಂದು ಹಿಡಿಯಿತು. ‘ನೋಡಿ ಡಾಕ್ಟ್ರೇ, ಎಷ್ಟು ಜಾಣೆ, ಈಗಲೇ ಬಲಗೈ ರೂಢಿ’ ಅಂತ ಅಜ್ಜಿ ಮುಖ ಅರಳಿತು. ನನ್ನ ಕಣ್ಣು ಎಡಗೈ ಮೇಲಿತ್ತು. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು. ಒಂದು ವರ್ಷಕ್ಕೆ ಮುಂಚೆ ಮಕ್ಕಳು ಎಡ-ಬಲ ನೋಡುವುದಿಲ್ಲ, ಎರಡೂ ಕೈ ಸಮನಾಗಿ ಬಳಸುತ್ತಾರೆ. ಒಂದೇ ಕೈ ಬಳಸಿದರೆ ಇನ್ನೊಂದು ಕೈಯನ್ನು ನೋಡಬೇಕು. ಆ ಅಜ್ಜಿಯ ಖುಷಿಗೆ ನೋವು ಮಾಡುವುದು ನನಗೂ ಕಷ್ಟವಾಯಿತು. ಆದರೆ ಅವತ್ತೇ ಹೇಳಿದೆ. ಮುಂದಿನ ವಾರದಿಂದ ಥೆರಪಿ ಶುರುವಾಯಿತು. ಈಗ ಅವಳು ಎರಡೂ ಕೈಯಲ್ಲಿ ಜಡೆ ಹೆಣೆದುಕೊಳ್ಳುತ್ತಾಳೆ. ಎಡಗೈ ಸ್ವಲ್ಪ ನಿಧಾನ, ಆದರೆ ಕೆಲಸ ಮಾಡುತ್ತದೆ. ಅಜ್ಜಿ ಎರಡನೇ ವರ್ಷದ ತನಕ ಕಾದಿದ್ದರೆ ಇಷ್ಟು ಸಿಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

‘ಎಲ್ಲರ ಹಾಗೆ ಆಗುತ್ತಾನಾ’ ಅಂತ ಕೇಳಿದ್ದೀರಿ. ಒಂದು ಮಗುವಿನ ಬಗ್ಗೆ ಯಾರೂ ಭವಿಷ್ಯ ಹೇಳಲಾರರು. ಆದರೆ ಫ್ರಾನ್ಸಿನಲ್ಲಿ 2011ರಲ್ಲಿ ದಿನ ತುಂಬದೆ ಹುಟ್ಟಿದ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ಇದೆ. 27ರಿಂದ 31 ವಾರದೊಳಗೆ ಹುಟ್ಟಿ ಬದುಕಿದವರಲ್ಲಿ ಎರಡು ವರ್ಷಕ್ಕೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪೆಟ್ಟಿನಿಂದ ಕೈಕಾಲಿನ ಚಲನೆಗೆ ಬರುವ ತೊಂದರೆ, ಕಂಡದ್ದು 4.3 ಶೇಕಡಾ ಮಕ್ಕಳಲ್ಲಿ. ನೂರಕ್ಕೆ ನಾಲ್ಕೈದು. ನಿಮ್ಮ ಮನಸ್ಸಿಗೆ ಇದು ಸ್ವಲ್ಪ ಸಮಾಧಾನ ಕೊಡಲಿ. ಆದರೆ ಅದೇ ಅಧ್ಯಯನದಲ್ಲಿ, ಮಾತು, ಕೈಚಳಕ, ಯೋಚನೆ, ಬೆರೆಯುವುದು ಇವುಗಳ ಬಗ್ಗೆ ತಂದೆತಾಯಿ ತುಂಬಿದ ಪ್ರಶ್ನಾವಳಿಯಲ್ಲಿ ಈ ಗುಂಪಿನ ಸುಮಾರು 40 ಶೇಕಡಾ ಮಕ್ಕಳ ಅಂಕ ಗಡಿಗಿಂತ ಕೆಳಗಿತ್ತು. ದೊಡ್ಡ ತೊಂದರೆ ಕೆಲವರಿಗೇ, ಸಣ್ಣ ಹಿಂದುಳಿಯುವಿಕೆ ಬಹಳ ಜನಕ್ಕೆ. ಆ ಸಣ್ಣದು ಮನೆಯಲ್ಲಿ ಕಾಣುವುದೇ ಇಲ್ಲ. ಮಗು ಓಡುತ್ತದೆ, ನಗುತ್ತದೆ, ಮನೆಯವರು ಫೈಲ್ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಆಮೇಲೆ ಎರಡನೇ ಕ್ಲಾಸಿನಲ್ಲಿ ‘ಗಮನ ಇಲ್ಲ, ಲೆಕ್ಕ ಬರಲ್ಲ, ಬರವಣಿಗೆ ನಿಧಾನ’ ಅಂತ ಟೀಚರ್ ಕರೆಸುತ್ತಾರೆ. ಅದಕ್ಕೇ ಫಾಲೋ-ಅಪ್ ಶಾಲೆಯ ತನಕ ಬಿಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು.

ಈಗ ಮನೆಯಲ್ಲಿ ಏನು ಮಾಡಬೇಕು? ವಾಕರ್ ವಾಪಸ್ ಕೊಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ವಾಕರಿನಲ್ಲಿ ಮಗು ಬೆರಳ ತುದಿಯಿಂದ ನೆಲ ಒದ್ದು ಮುಂದೆ ಹೋಗುತ್ತದೆ. ನಿಮ್ಮ ಮಗನಿಗೆ ಯಾವುದು ರೂಢಿಯಾಗಬಾರದೋ ಅದನ್ನೇ ಅದು ಕಲಿಸುತ್ತದೆ. ಬಿದ್ದು ತಲೆಗೆ ಏಟು ಮಾಡಿಕೊಳ್ಳುವುದು ಬೇರೆ. ಕೆನಡಾದಲ್ಲಿ 2004ರಿಂದ ವಾಕರ್ ಮಾರುವುದನ್ನೇ ನಿಷೇಧಿಸಿದ್ದಾರೆ. ಸದ್ಯಕ್ಕೆ ಅವನನ್ನು ಎತ್ತಿ ನಿಲ್ಲಿಸುವ ಆಟವೂ ಬೇಡ.

ಅವನಿಗೆ ಬೇಕಾಗಿರುವುದು ನೆಲ. ಜೋಲಿಯಲ್ಲಿ, ಸೊಂಟದ ಮೇಲೆ, ಮಂಚದ ಮೇಲೆ ಜಾಸ್ತಿ ಹೊತ್ತು ಇದ್ದರೆ ಮೈ ಕಲಿಯುವುದಿಲ್ಲ. ಚಾಪೆ ಮೇಲೆ ದಪ್ಪ ಕಂಬಳಿ ಹಾಸಿ. ಎಚ್ಚರ ಇದ್ದಾಗ, ನೀವು ಪಕ್ಕದಲ್ಲೇ ಇದ್ದು, ದಿನಕ್ಕೆ ನಾಲ್ಕೈದು ಸಲ ಬೋರಲು ಹಾಕಿ. ಬೋರಲು ಬಿದ್ದ ತಕ್ಷಣ ಕಿರಿಕಿರಿ ಮಾಡಿದರೆ ಎದೆಯ ಕೆಳಗೆ ಟವೆಲ್ ಸುತ್ತಿ ಇಡಿ. ಕೈ ಮುಂದೆ ಬರುತ್ತದೆ, ತಲೆ ಎತ್ತಲು ಸುಲಭವಾಗುತ್ತದೆ. ನೀವೂ ಎದುರಿಗೆ ಬೋರಲು ಮಲಗಿ ಮುಖ ತೋರಿಸಿ. ಅವನಿಗೆ ನಿಮ್ಮ ಮುಖಕ್ಕಿಂತ ದೊಡ್ಡ ಆಟಿಕೆ ಇಲ್ಲ.

ಕೂರಿಸುವಾಗ ನೀವು ಕಾಲು ಚಾಚಿ ಕೂತು, ನಿಮ್ಮ ತೊಡೆಗಳ ನಡುವೆ ಅವನನ್ನು ಕೂರಿಸಿ. ಕೈಯಿಂದ ಅವನ ಸೊಂಟ ಮಾತ್ರ ಹಿಡಿಯಿರಿ. ಕಂಕುಳ ಕೆಳಗೆ ಹಿಡಿದರೆ ಅವನ ಬೆನ್ನು ಕೆಲಸ ಮಾಡುವುದಿಲ್ಲ. ಮುಂದೆ ಒಂದು ಸ್ಟೀಲ್ ಬಟ್ಟಲು, ಎರಡು ಚಮಚ ಇಡಿ. ಒಂದನ್ನು ಪಕ್ಕಕ್ಕೆ, ಕೈಗೆ ಎಟುಕಿಯೂ ಎಟುಕದ ಹಾಗೆ ಇಡಿ. ಅದಕ್ಕಾಗಿ ಅವನು ಒಂದು ಕೈ ನೆಲದಿಂದ ಎತ್ತುತ್ತಾನೆ, ವಾಲುತ್ತಾನೆ, ಮತ್ತೆ ಸರಿಯಾಗುತ್ತಾನೆ. ಆ ವಾಲಿ ಸರಿಯಾಗುವುದೇ ಕೂರುವ ಪಾಠ. ಚಡ್ಡಿ ಬದಲಿಸುವಾಗ ಎರಡೂ ಕಾಲು ಹಿಡಿದು ಮೇಲೆತ್ತಬೇಡಿ. ಮೊಣಕಾಲು ಮಡಿಸಿ, ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ, ಒಂದು ಸಲ ಎಡಕ್ಕೆ, ಮುಂದಿನ ಸಲ ಬಲಕ್ಕೆ. ದಿನಕ್ಕೆ ಎಂಟು ಸಲ ಬದಲಿಸುತ್ತೀರಿ ಅಲ್ವಾ, ಎಂಟು ಸಲ ವ್ಯಾಯಾಮ ಆಯಿತು.

ನಿಮ್ಮ ಅತ್ತೆಯವರನ್ನು ಇದರಿಂದ ಹೊರಗಿಡಬೇಡಿ. ಕಾಲ ಮೇಲೆ ಹಾಕಿಕೊಂಡು ನೀರು ಹಾಕುವವರು ಅವರೇ ಇರಬೇಕು. ಎಣ್ಣೆ ಹಚ್ಚುವ ಆ ಹತ್ತು ನಿಮಿಷ ಬಲು ಒಳ್ಳೆಯ ಹೊತ್ತು. ಕಾಲು ಎಳೆಯುವುದು, ನೀವುವುದು ಬೇಡ, ಮೆತ್ತಗೆ ಸವರುತ್ತಾ ಮಾತಾಡಿಸಲಿ. ಸ್ನಾನದ ಮೇಲೆ ಸಾಂಬ್ರಾಣಿ ಹೊಗೆ ಮಾತ್ರ ಬೇಡ. ಬೇಗ ಹುಟ್ಟಿದವರ ಶ್ವಾಸಕೋಶ ಇನ್ನೂ ಎಳೆಯದು, ಹೊಗೆಗೆ ಕೆಮ್ಮು, ದಮ್ಮು ಬರುತ್ತದೆ. ಬಜೆಯನ್ನೂ ನಿಲ್ಲಿಸಲು ಹೇಳಿ. ಅದರಿಂದ ಮಾತು ಬರುವುದಿಲ್ಲ. ತೇಯುವ ಕಲ್ಲು, ನೀರು ಶುದ್ಧವಿಲ್ಲದಿದ್ದರೆ ಭೇದಿ ಬರುತ್ತದೆ. ಅವರಿಗೆ ಬೇರೆ ಕೆಲಸ ಕೊಡಿ: ಮಗು ‘ಬಾ ಬಾ’, ‘ತಾ ತಾ’ ಅಂದಾಗ ಅದನ್ನೇ ತಿರುಗಿ ಹೇಳಿ, ಸ್ವಲ್ಪ ತಡೆದು, ಅವನ ಸರದಿ ಬರಲು ಕಾಯಲಿ. ಮಾತು ಬರುವುದು ಈ ಕೊಡು-ತಗೋದಲ್ಲಿ. ಮೊಬೈಲ್ ತೋರಿಸಿ ಊಟ ಮಾಡಿಸುವುದು ಬೇಡ, ಮೊಬೈಲ್ ಅವನ ಸರದಿಗೆ ಕಾಯುವುದಿಲ್ಲ.

ಊಟದ ಬಗ್ಗೆ ನೀವು ಬರೆದಿಲ್ಲ. ಸರಿಪಡಿಸಿದ ಆರು ತಿಂಗಳಿಗೆ ಮೇಲಾಹಾರ ಶುರುವಾಗಿರಬೇಕು. ನಮ್ಮ ದೇಶದಲ್ಲೇ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಮಕ್ಕಳಿಗೆ ನಾಲ್ಕು ತಿಂಗಳಿಗೇ ಶುರು ಮಾಡಿದರೆ ಬೆಳವಣಿಗೆಗೆ ಲಾಭ ಆಗಲಿಲ್ಲ, ಆಸ್ಪತ್ರೆ ಸೇರುವುದು ಜಾಸ್ತಿಯಾಯಿತು. ರಾಗಿ ಸರಿ ಒಳ್ಳೆಯದು, ಆದರೆ ಅದೊಂದೇ ಸಾಲದು. ಬೇಳೆ, ತುಪ್ಪ, ಮೊಟ್ಟೆ, ಸೊಪ್ಪು ಸೇರಿಸಿ. ತಾಯಿಯಿಂದ ಮಗುವಿಗೆ ಕಬ್ಬಿಣದ ಅಂಶ ಜಾಸ್ತಿ ಹೋಗುವುದು ಕೊನೆಯ ಮೂರು ತಿಂಗಳಲ್ಲಿ, ಅದು ಇವನಿಗೆ ಸಿಗಲಿಲ್ಲ. ಐರನ್ ಡ್ರಾಪ್ಸ್ ನಿಲ್ಲಿಸಿದ್ದರೆ ಡಾಕ್ಟರನ್ನು ಕೇಳಿ.

ಕಿವಿ ಪರೀಕ್ಷೆ ಮರೆತಿದ್ದು ದೊಡ್ಡ ತಪ್ಪಲ್ಲ, ಆದರೆ ಇನ್ನು ಒಂದು ದಿನವೂ ಮುಂದೆ ಹಾಕಬೇಡಿ. ಐದು ದಿನಕ್ಕಿಂತ ಜಾಸ್ತಿ ಐಸಿಯುನಲ್ಲಿದ್ದ ಯಾವ ಮಗುವಿಗೂ ಕಿವಿ ನೋಡಲೇಬೇಕು. ಸೋಂಕಿಗೆ ಕೊಡುವ ಕೆಲವು ಇಂಜೆಕ್ಷನ್‌ಗಳೂ ಕಿವಿಗೆ ಪೆಟ್ಟು ಕೊಡಬಹುದು. ಬಾಗಿಲು ಬಡಿದರೆ ಬೆಚ್ಚುತ್ತಾನೆ ಅಂತ ಸಮಾಧಾನ ಪಡಬೇಡಿ. ಅರ್ಧ ಕೇಳುವ ಮಗುವೂ ಬೆಚ್ಚುತ್ತದೆ, ಆದರೆ ‘ಸ’, ‘ತ’ ಅನ್ನುವ ಸಣ್ಣ ಸದ್ದು ಅದಕ್ಕೆ ಸಿಗುವುದಿಲ್ಲ. ಕೇಳಬೇಕಾದ ಪರೀಕ್ಷೆಯ ಹೆಸರು ‘ಬೆರಾ’. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುತ್ತಾರೆ.

ಕಣ್ಣು ಸಕಾಲಕ್ಕೆ ತೋರಿಸಿದ್ದೀರಿ, ಸಂತೋಷ. ಇಷ್ಟು ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದು. ಅದನ್ನು ಹುಟ್ಟಿದ ಮೊದಲ ತಿಂಗಳೊಳಗೇ ನೋಡಬೇಕು. ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಹೆಮ್ಮೆ ಪಡುವಂಥದ್ದು ಇದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ ‘ಕಿಡ್‌ರಾಪ್’ ಅನ್ನುವ ಕೆಲಸ ಶುರು ಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆಗೆ ಹೋಗಿ ಪುಟ್ಟ ಕಣ್ಣುಗಳ ಚಿತ್ರ ತೆಗೆದು ಇಂಟರ್‌ನೆಟ್ ಮೂಲಕ ತಜ್ಞರಿಗೆ ಕಳಿಸುತ್ತಾರೆ. ನಿಮ್ಮ ಮಗನ ಪರದೆ ಚೆನ್ನಾಗಿದ್ದರೂ ಮೆಳ್ಳೆಗಣ್ಣು, ಕನ್ನಡಕದ ನಂಬರ್ ಇವನಿಗೆ ಬೇರೆ ಮಕ್ಕಳಿಗಿಂತ ಜಾಸ್ತಿ ಬರಬಹುದು. ಒಂದು ವರ್ಷದ ಹೊತ್ತಿಗೆ ಮತ್ತೆ ತೋರಿಸಿ.

ಇನ್ನು ಪರಂಗಿ ಹಣ್ಣು. ಇಲ್ಲಮ್ಮ. ಮಾಗಿದ ಪರಂಗಿಯ ನಾಲ್ಕು ಹೋಳಿನಿಂದ ಹೆರಿಗೆ ಶುರುವಾಗುವುದಿಲ್ಲ, ಸ್ಕೂಟರಿನಿಂದಲೂ ಇಲ್ಲ. ಸೋಂಕು, ಬಿಪಿ, ಮಾಸಿನ ತೊಂದರೆ, ಗರ್ಭಕೋಶದ ಬಾಯಿ ಬೇಗ ಸಡಿಲವಾಗುವುದು ಇಂಥ ಕಾರಣಗಳಿರುತ್ತವೆ, ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ನೀವು ಮಾಡಿದ್ದನ್ನು ಲೆಕ್ಕ ಹಾಕುವುದಾದರೆ ಎದೆಗೆ ಕಟ್ಟಿಕೊಂಡು ಕೂತ ದಿನಗಳನ್ನು ಲೆಕ್ಕ ಹಾಕಿ. ಆ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಪೆಟ್ಟಿಗೆಗಳು ಸಾಲದೆ ಶುರುವಾಗಿದ್ದು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗು ಸ್ಥಿರವಾಗುವ ತನಕ ಕಾಯದೆ ಹುಟ್ಟಿದ ಕೂಡಲೇ ಅದನ್ನು ಶುರು ಮಾಡಿದಾಗ ಮೊದಲ ತಿಂಗಳ ಸಾವು ಕಾಲುಭಾಗ ಕಡಿಮೆಯಾಯಿತು. ಅಷ್ಟು ದೊಡ್ಡ ಔಷಧಿ ಅದು, ಅದನ್ನು ಕೊಟ್ಟವರು ನೀವು. ರಾತ್ರಿ ನಿದ್ದೆ ಬರದಿದ್ದರೆ, ಸುಮ್ಮನೆ ಅಳು ಬರುತ್ತಿದ್ದರೆ, ಅದನ್ನೂ ಡಾಕ್ಟರ ಹತ್ತಿರ ಹೇಳಿಕೊಳ್ಳಿ. ಮುಂದೆ ಇನ್ನೊಂದು ಮಗು ಬೇಕೆನಿಸಿದರೆ, ಮೊದಲ ತಪಾಸಣೆಯಲ್ಲೇ ‘ಮೊದಲನೆಯದು 28 ವಾರಕ್ಕೆ ಆಯಿತು’ ಅಂತ ತಪ್ಪದೆ ತಿಳಿಸಿ.

ಎಲ್ಲಿಗೆ ಹೋಗಬೇಕು? ಜಿಲ್ಲಾಸ್ಪತ್ರೆಯಲ್ಲಿ ‘ಡಿಇಐಸಿ’ ಎಲ್ಲಿದೆ ಅಂತ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬರುವ ಕೇಂದ್ರ ಅದು. ಫಿಸಿಯೋಥೆರಪಿ, ಮಾತು, ಕಿವಿ, ಕಣ್ಣು ಒಂದೇ ಕಡೆ ನೋಡಲೆಂದೇ ಇದನ್ನು ಮಾಡಿರುವುದು, ದುಡ್ಡು ಕೊಡಬೇಕಾಗಿಲ್ಲ. ದಾರಿ ಗೊತ್ತಾಗದಿದ್ದರೆ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಬರೆದುಕೊಡುತ್ತಾರೆ. ತಾಯಿ ಕಾರ್ಡ್, ಡಿಸ್ಚಾರ್ಜ್ ಸಮ್ಮರಿ, ತಲೆಯ ಸ್ಕ್ಯಾನಿನ ರಿಪೋರ್ಟ್ ಇದ್ದರೆ ಅದು, ಮೊಬೈಲಿನ ವಿಡಿಯೋ, ಇಷ್ಟು ಜೊತೆಗಿರಲಿ.

ಬೆರಾ ಪರೀಕ್ಷೆ ಮಗು ನಿದ್ದೆಯಲ್ಲಿದ್ದಾಗಲೇ ಆಗಬೇಕು. ಹಾಗಾಗಿ ಅವತ್ತು ಅವನನ್ನು ಬೆಳಿಗ್ಗೆ ಬೇಗ ಎಬ್ಬಿಸಿ. ಬಸ್ಸಿನಲ್ಲಿ ತೂಕಡಿಸಿದರೆ ಮಾತಾಡಿಸುತ್ತಾ ಎಚ್ಚರ ಇಡಿ. ಅಲ್ಲಿ ಸರದಿ ಬಂದ ಮೇಲೆ ಹಾಲು ಕುಡಿಸಿ ಮಲಗಿಸಿ. ಅವನ ರೂಢಿಯ ಕಂಬಳಿ ತೆಗೆದುಕೊಂಡು ಹೋಗಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಥೆರಪಿಸ್ಟ್ ಹೇಳಿಕೊಡುವುದನ್ನು ಅವರೂ ಕಣ್ಣಾರೆ ನೋಡಲಿ.